ಎಡಗೈ ಗಳಿಸಿದ ಅಂಕಗಳು

ಮನುಷ್ಯನ ಇಡೀ ನಾಗರಿಕತೆ ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಅಂಗುಲದಷ್ಟು ಜಾಗದಲ್ಲಿ ನಿಂತಿದೆ. ಕಲ್ಲು ಹಿಡಿದದ್ದು, ಕಬ್ಬಿಣದ ಕಂಟ ಹಿಡಿದು ತಾಳೆಗರಿಯ ಮೇಲೆ ಕೊರೆದದ್ದು, ರಾಜಮುದ್ರೆ ಒತ್ತಿದ್ದು ಎಲ್ಲವೂ ಅಲ್ಲಿಯೇ. ನನ್ನ ಬಲಗೈಯ ಆ ಜಾಗದಲ್ಲಿ ಸದ್ಯ ಒಂದು ಹಳದಿ ಸ್ಪಂಜಿನ ಚೆಂಡು ಇದೆ. ಅದನ್ನು ಹಿಸುಕಬೇಕು. ಅದು ಒಪ್ಪುವುದಿಲ್ಲ.

ಪಾರ್ಶ್ವವಾಯು ಎಂಬ ಶಬ್ದದಲ್ಲಿ ಒಂದು ಗಾಂಭೀರ್ಯವಿದೆ. ಅದು ಬರುವ ರೀತಿಯಲ್ಲಿ ಇಲ್ಲ. ನವರಾತ್ರಿ ರಜೆಯ ಎರಡನೇ ದಿನ ಬೆಳಿಗ್ಗೆ, ಹೊಸನಗರದ ನಮ್ಮ ಮನೆಯ ಬಚ್ಚಲಲ್ಲಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದೆ. ಬ್ರಷ್ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ, ನಾನೂ ಬಿದ್ದೆ. ಮರುದಿನ ಸಾಗರದ ಹತ್ತಿರ ಒಂದು ಎನ್ನೆಸ್ಸೆಸ್ ಶಿಬಿರದಲ್ಲಿ ‘ಮೊಬೈಲ್ ಎಂಬ ಮಹಾಮಾರಿ’ ಎಂಬ ವಿಷಯವಾಗಿ ನನ್ನ ಉಪನ್ಯಾಸವಿತ್ತು. ಮುಕ್ಕಾಲು ಗಂಟೆಯದು. ಶಿಬಿರಾರ್ಥಿಗಳು ಪಾರಾದರು.

ಈ ಯಂತ್ರಗಳ ಬಗ್ಗೆ ನನ್ನ ಅಭಿಪ್ರಾಯಗಳು ಜಗಜ್ಜಾಹೀರು. ಜಗತ್ತು ಅಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದಾಗಲೂ, ನಿವೃತ್ತನಾದ ಮೇಲೆ ಇನ್ನೂ ಹೆಚ್ಚಾಗಿಯೂ, ಮೊಬೈಲ್, ವಿಡಿಯೊ ಗೇಮ್, ರೀಲ್ಸು ಇತ್ಯಾದಿಗಳ ವಿರುದ್ಧ ನಾನು ಮಾತಾಡದ ಶಾಲೆ ಇಲ್ಲಿ ಕಡಿಮೆ. ಭಾಷಣಕ್ಕೆ ಮೂರು ಭಾಗ: ಕಣ್ಣು, ಕತ್ತು, ಚಾರಿತ್ರ್ಯ. ಚಾರಿತ್ರ್ಯಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಶಿಕ್ಷಕರೆಲ್ಲ ತಲೆ ತಗ್ಗಿಸಿ ಮೊಬೈಲ್ ನೋಡುತ್ತಿರುತ್ತಿದ್ದರು. ಒಮ್ಮೆ ಹತ್ತನೇ ತರಗತಿಯವನೊಬ್ಬನ ಕೈಯಿಂದ ಇಟ್ಟಿಗೆ ಜೋಡಿಸುವ ಪುಟ್ಟ ಆಟದ ಯಂತ್ರ ಕಿತ್ತುಕೊಂಡು, ಪರೀಕ್ಷೆ ಮುಗಿದ ಮೇಲೆ ಕೊಡ್ತೀನಿ ಅಂದು ಬೀರುವಿನಲ್ಲಿ ಇಟ್ಟಿದ್ದೆ. ಅವನು ಪರೀಕ್ಷೆ ಮುಗಿಸಿದ, ಮದುವೆಯಾದ, ಈಗ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಯಂತ್ರ ಮಾತ್ರ ನನ್ನ ಬೀರುವಿನಲ್ಲೇ ಉಳಿದಿತ್ತು.

ಫ್ಲೆಕ್ಸ್ ಅಂದೆನಲ್ಲ, ಅದರ ಬಗ್ಗೆಯೂ ನನಗೆ ಅಭಿಪ್ರಾಯವಿತ್ತು. ಅದಕ್ಕೆ ಕಾರಣ ಬಿನ್ನವತ್ತಳೆ. ಯಾರಾದರೂ ನಿವೃತ್ತರಾದಾಗ ವೇದಿಕೆಯ ಮೇಲೆ ಓದಿ, ಚೌಕಟ್ಟು ಹಾಕಿಸಿ ಕೈಗೆ ಕೊಡುವ ಹೊಗಳಿಕೆಯ ಪತ್ರ ಅದು. ಮೂರು ತಾಲ್ಲೂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಅದನ್ನು ಬರೆದವನು ನಾನು. ದಪ್ಪ ಡ್ರಾಯಿಂಗ್ ಶೀಟು, ಚಪ್ಪಟೆ ನಿಬ್ಬು, ಕಪ್ಪು ಶಾಯಿ. ಹೆಡ್‌ಮಾಸ್ತರರು, ತಹಶೀಲ್ದಾರರು, ಪಕ್ಕದ ನಗರ ಎಂಬ ಊರಿನ ಪೋಸ್ಟ್ ಮಾಸ್ತರರು ಎಲ್ಲರೂ ನನ್ನ ಅಕ್ಷರದಲ್ಲಿಯೇ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ಗಳಾದರು. ವರ್ಷಕ್ಕೆ ಎರಡು ಸಲ ಮಾತ್ರ ಶಾಲೆಯ ಬಾಗಿಲು ಕಂಡವರನ್ನೂ ನಾನು ಕರ್ತವ್ಯನಿಷ್ಠರನ್ನಾಗಿ ಮಾಡಿದ್ದೇನೆ. ವಿಷಯ ಸುಳ್ಳಿದ್ದರೂ ಅಕ್ಷರ ಸುಳ್ಳಾಗಿರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಕಾರ್ಯಕ್ರಮ ಮುಗಿದ ವಾರಕ್ಕೆ ಅದು ಯಾರದೋ ಹಿತ್ತಲಿನ ಸೌದೆ ರಾಶಿಯ ಮೇಲೆ ಹೊದಿಕೆಯಾಗಿರುತ್ತಿತ್ತು. ಒಬ್ಬ ಶಿಕ್ಷಣಾಧಿಕಾರಿಗಳು ಮೂಗಿನವರೆಗೆ ಮಡಚಿಕೊಂಡು ಒಂದಿಡೀ ಮಳೆಗಾಲ ಸೌದೆ ಕಾದದ್ದನ್ನು ಕಣ್ಣಾರೆ ಕಂಡಿದ್ದೇನೆ.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಗರದ ರಸ್ತೆಯ ಒಂದು ಹಳ್ಳಿಯಲ್ಲಿ, ಒಂದರಿಂದ ಮೂರನೇ ತರಗತಿಯವರೆಗೆ. ಆ ಮಾರ್ಚ್ ಕೊನೆಗೆ ಅವಳ ನಿವೃತ್ತಿ. ಕಾಯಿಲೆ ಬರುವುದಕ್ಕೆ ಎಷ್ಟೋ ಮೊದಲೇ ಹೇಳಿದ್ದಳು:

“ನಂಗೆ ಹಾರ ಬ್ಯಾಡ, ಶಾಲು ಬ್ಯಾಡ, ಫ್ಲೆಕ್ಸ್ ಅಂತೂ ಬ್ಯಾಡವೇ ಬ್ಯಾಡ. ಊರಿಗೆಲ್ಲ ಬರೆದು ಕೊಟ್ರಲ್ಲ, ನಂಗೊಂದು ಬರೀರಿ. ಹೊಗಳದಿದ್ರೂ ಅಡ್ಡಿಲ್ಲ. ಅಕ್ಷರ ನಿಮ್ದೇ ಆಗ್ಬೇಕು.”

“ಅದೆಂತ ದೊಡ್ಡ ವಿಷಯ, ಒಂದು ಮಧ್ಯಾಹ್ನದ ಕೆಲಸ” ಅಂದಿದ್ದೆ. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ ವಸ್ತುಗಳಲ್ಲಿ ಇದು ಎರಡನೆಯದು. ಮೊದಲನೆಯದು ಮಿಕ್ಸಿ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ವಾರ ಕಳೆದು ಮನೆಗೆ ಬಂದಾಗ ಮಾತು ಸರಿಯಿತ್ತು, ಕಾಲು ಎಳೆದುಕೊಂಡು ಬರುತ್ತಿತ್ತು, ಬಲಗೈ ಭುಜದವರೆಗೆ ಏಳುತ್ತಿತ್ತು. ಬೆರಳು ಮಾತ್ರ ಯಾರದೋ ಮನೆಯವು. ತೀರ್ಥಹಳ್ಳಿಯಲ್ಲಿ ಒಬ್ಬ ಫಿಸಿಯೊಥೆರಪಿ ಡಾಕ್ಟರಮ್ಮ ಇದ್ದಾರೆ, ಚೆನ್ನಾಗಿ ನೋಡ್ತಾರೆ ಅಂತ ಯಾರೋ ಹೇಳಿದರು. ಹೋದೆವು. ನನ್ನ ಮಗಳ ವಯಸ್ಸಿಗಿಂತ ಚಿಕ್ಕ ಹುಡುಗಿ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಕೊನೆಗೆ ಕೇಳಿದಳು:

“ಸರ್, ಗೇಮ್ ಆಡ್ತೀರಾ?”

“ಯಾರು?” ಎಂದೆ.

“ನೀವೇ ಸರ್.”

ಹೆಂಡತಿ ಮುಖ ಆಚೆ ತಿರುಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಯಿಲೆ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಹಾಗಾಗಿ ನಾನು ಕಣ್ಣು, ಕತ್ತು, ಚಾರಿತ್ರ್ಯ ಯಾವುದನ್ನೂ ಎತ್ತಲಿಲ್ಲ.

ಡಾಕ್ಟರಮ್ಮ ಸ್ಲೇಟಿನಂಥ ಒಂದು ಟ್ಯಾಬನ್ನು ತಂದು ಎದುರು ನಿಲ್ಲಿಸಿದಳು. ಕೆಳಗಿನಿಂದ ಬಣ್ಣದ ಬಲೂನುಗಳು ಏಳುತ್ತವೆ. ಮೆಣಸಿನ ಕಾಳು ಹೆಕ್ಕಿದ ಹಾಗೆ ಹೆಬ್ಬೆರಳು ತೋರುಬೆರಳು ಕೂಡಿಸಿ ಬಲೂನನ್ನು ಚಿವುಟಬೇಕು, ಪಟ್ ಎಂದು ಒಡೆಯುತ್ತದೆ. ಒಂದು ಆಟಕ್ಕೆ ಐವತ್ತು ಬಲೂನು. ದಿನಕ್ಕೆ ಆರು ಆಟ. ದಿನದ ಅತ್ಯುತ್ತಮ ಅಂಕ ತಾನಾಗಿಯೇ ಅವಳ ಮೊಬೈಲಿಗೆ ಹೋಗುತ್ತದೆ. ಅಂಕ ಹೆಚ್ಚಿದ ಹಾಗೆ ಬಲೂನು ಸಣ್ಣದಾಗುತ್ತ, ಜೋರಾಗಿ ಏಳುತ್ತ ಹೋಗುತ್ತದೆ.

“ಮೊದಲ ಆರು ತಿಂಗಳು ತುಂಬಾ ಮುಖ್ಯ ಸರ್. ಬೆರಳು ಬರೋದಿದ್ರೆ ಹೆಚ್ಚಾಗಿ ಆಗಲೇ ಬರ್ತದೆ. ಆಮೇಲೆ ಬರಲ್ಲ ಅಂತಲ್ಲ, ಆದ್ರೆ ಬಹಳ ನಿಧಾನ.”

ಬಿದ್ದದ್ದು ಸೆಪ್ಟೆಂಬರ್ ಕೊನೆ. ಆರು ತಿಂಗಳೆಂದರೆ ಮಾರ್ಚ್ ಕೊನೆ. ಸರ್ಕಾರವೂ ನನ್ನ ನರಮಂಡಲವೂ ಒಂದೇ ಗಡುವು ಕೊಟ್ಟಿದ್ದವು.

ಟ್ಯಾಬು ಮನೆಗೆ ಬಂತು. ಪಕ್ಕದ ಮನೆಯಲ್ಲಿ ನಿವೃತ್ತ ಕಂಡಕ್ಟರರೊಬ್ಬರು ಇದ್ದಾರೆ, ಸಂಜೆ ಚಹಾಕ್ಕೆ ಬರುವವರು. ಮೊದಲ ದಿನವೇ ಬಾಗಿಲಲ್ಲಿ ನಿಂತು ನೋಡಿದರು.

“ಎಂತ ಮೇಷ್ಟ್ರೇ, ಕಡೆಗೆ ನೀವೂ ಗೇಮಿಗೆ ಬಿದ್ರಾ?”

“ಇದು ಗೇಮಲ್ಲ. ಚಿಕಿತ್ಸೆ.”

“ನಮ್ಮನೆ ಮೊಮ್ಮಗಳೂ ಹಂಗೇ ಹೇಳದು. ಅಜ್ಜ, ಇದು ಗೇಮಲ್ಲ, ಪ್ರಾಜೆಕ್ಟು ಅಂತ.”

“ನೀವು ಲೂಡೊ ಆಡ್ತೀರಲ್ಲ ಇಡೀ ದಿನ, ಅದೆಂತದು?”

“ಅದು ದುಃಖ ಮಾರಾಯ್ರೇ” ಎಂದು ಕೂತರು. “ನಿನ್ನೆ ಯಾವ ಊರವನೋ ಏನೋ, ಮುಖ ಕಂಡಿಲ್ಲ, ಪರಿಚಯ ಇಲ್ಲ, ನನ್ನ ಕೊನೇ ಕಾಯಿ ಇನ್ನೇನು ಮನೆ ಸೇರಬೇಕು ಅನ್ನೋವಾಗ ಕಡಿದು ಹಾಕಿದ. ಊಟ ಸೇರ್ಲಿಲ್ಲ ನಂಗೆ.”

ನನಗೆ ಅದರಲ್ಲಿ ತಮಾಷೆ ಕಾಣಲಿಲ್ಲ. ಆ ಹೊತ್ತಿಗೆ ನನ್ನ ಅಂಕ ಸೊನ್ನೆ.

ಎರಡನೇ ದಿನವೂ ಸೊನ್ನೆ. ಆಮೇಲೆ ಒಂದು, ಸೊನ್ನೆ, ಎರಡು. ಬಲೂನುಗಳು ನನ್ನ ಬೆರಳಿನ ಮುಂದೆಯೇ, ಒಂದು ಬಗೆಯ ಸೌಜನ್ಯದಿಂದ, ನಿಧಾನವಾಗಿ ಮೇಲೆ ಹೋಗುತ್ತಿದ್ದವು. ಬೆರಳು ಹೊರಡುವ ಹೊತ್ತಿಗೆ ಅವು ಊರು ಬಿಟ್ಟಾಗಿರುತ್ತಿತ್ತು. ಆಟ ಮುಗಿದಾಗ ಪರದೆಯ ಮೇಲೆ ಒಂದು ಕರಡಿ ಬಂದು ‘ಮತ್ತೆ ಪ್ರಯತ್ನಿಸಿ’ ಎಂದು ಕೈಬೀಸುತ್ತಿತ್ತು. ಎರಡೂ ಕೈ ಬೀಸುತ್ತಿತ್ತು, ಕರಡಿ. ಅಷ್ಟು ಸಲೀಸಾಗಿ.

ಹೆಂಡತಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಗೆರೆ ಹಾಕಿ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಸಂಜೆ ಬಸ್ಸಿಳಿದು ಬಂದು, ಕೈಕಾಲು ತೊಳೆದು, ಮೊದಲ ಪ್ರಶ್ನೆ ಅದೇ: “ಇವತ್ತೆಷ್ಟು?” ಅಂಕ ಬರೆಯುವಳು. ಹಿಂದಿನ ಎಲ್ಲ ದಿನಗಳಿಗಿಂತ ಹೆಚ್ಚಿದ್ದರೆ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಒಂದು ಸ್ಟಾರ್. ಅವಳ ಒಂದನೇ ತರಗತಿಯಲ್ಲಿ ಆ ಸ್ಟಾರಿಗೆ ಮಕ್ಕಳು ಜಗಳವಾಡುತ್ತಾರೆ ಎಂದು ಕೇಳಿ ನಾನು ಹಿಂದೆ ನಕ್ಕಿದ್ದೆ. ಮೂರು ವಾರಕ್ಕೆ ನನ್ನ ಅಂಕ ನಾಲ್ಕಕ್ಕೆ ಬಂದು ನಿಂತಿತು. ನಾಲ್ಕು, ನಾಲ್ಕು, ಮೂರು, ನಾಲ್ಕು. ಅವಳು ಪೆನ್ನನ್ನು ಡಬ್ಬದಲ್ಲಿ ಹಾಕುವ ಮೊದಲು ಒಂದು ಕ್ಷಣ ಆ ಸಾಲನ್ನು ನೋಡುತ್ತ ನಿಲ್ಲುತ್ತಿದ್ದಳು. ಆ ಒಂದು ಕ್ಷಣ ನನಗೆ ಹಗಲಿಡೀ ಕಾಣುತ್ತಿತ್ತು.

ಆ ನಡುವೆ ಅವಳು ಒಂದು ಕೆಲಸಕ್ಕೆಂದು ಸಾಗರಕ್ಕೆ ಹೋದವಳು ಡ್ರಾಯಿಂಗ್ ಶೀಟು ತಂದಳು. ಬಸ್ಸಿನಲ್ಲಿ ಮುದುಡದ ಹಾಗೆ ಪೇಪರಿನಲ್ಲಿ ಸುತ್ತಿ, ಇಡೀ ದಾರಿ ನಿಲ್ಲಿಸಿ ಹಿಡಿದುಕೊಂಡು ಬಂದಿದ್ದಳು. ಅದನ್ನು ಬೀರುವಿನ ಮೇಲೆ ಇಟ್ಟು, “ಅರ್ಜೆಂಟಿಲ್ಲ” ಎಂದಳು. ಅಂದಿನಿಂದ ಆ ಕೋಣೆಗೆ ಹೋಗುವುದು ನನಗೆ ಕಷ್ಟವಾಯಿತು.

ಪಾಪ ನಡೆದದ್ದು ನವೆಂಬರಿನ ಒಂದು ಮಧ್ಯಾಹ್ನ. ಟ್ಯಾಬಿನ ಮೇಲೆ ನೊಣ ಕೂತಿತು. ಎಡಗೈಯ ಎರಡು ಬೆರಳು ಕೂಡಿಸಿ ಹಿಡಿಯಹೋದೆ. ಒಂದು ಬಲೂನು ಒಡೆಯಿತು. ಪಟ್.

ಆ ಶಬ್ದ ಎಷ್ಟು ಹಿತವಾಗಿತ್ತೆಂದರೆ ಇನ್ನೊಂದನ್ನು ಒಡೆದೆ. ನೊಣ ಹೋಗಿ ಬಹಳ ಹೊತ್ತಾಗಿತ್ತು. ಆಟ ಮುಗಿದಾಗ ಅಂಕ ಹನ್ನೊಂದು. ಕರಡಿ ಕುಣಿಯಿತು. ಅದು ಕುಣಿಯುತ್ತದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇದನ್ನು ಅಳಿಸುವುದು ಹೇಗೆಂದು ಹುಡುಕಿದೆ. ಅಷ್ಟರಲ್ಲಿ ಅಂಕ ತೀರ್ಥಹಳ್ಳಿ ತಲುಪಿ, ಅಲ್ಲಿಂದ ಹೆಂಡತಿಯ ಮೊಬೈಲಿಗೆ ಹೆಬ್ಬೆರಳೆತ್ತಿದ ಚಿತ್ರ ಬಂದಾಗಿತ್ತು. ಸಂಜೆ ಅವಳು ಪ್ರಶ್ನೆ ಕೇಳಲಿಲ್ಲ. ಚಪ್ಪಲಿಯಲ್ಲಿಯೇ ಒಳಗೆ ಬಂದು ಸ್ಟಾರ್ ಹಾಕಿದಳು. ಹೆಸರುಬೇಳೆ ಪಾಯಸ ಮಾಡಿದಳು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಬಾಯಿಗೆ ಪಾಯಸ ಬಂತು.

ನಾಳೆ ನಿಜವಾಗಿ ಹನ್ನೊಂದು ತೆಗೆದುಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡೆ. ಮರುದಿನ ಬಲಗೈಗೆ ಮೂರು ಬಂತು. ಮೂರು ಎಂದು ಗೋಡೆಯ ಮೇಲೆ ಬರೆಯಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಪರೀಕ್ಷಾ ಕೊಠಡಿಗಳಲ್ಲಿ ಒಂದು ಆಯುಷ್ಯ ನಕಲು ಹಿಡಿದವನು ನಾನು. ನಕಲು ಮಾಡುವುದು ಹೇಗೆಂದು ನನಗಿಂತ ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿ ಇರಲಾರರು. ದಡ್ಡ ಒಮ್ಮೆಗೇ ತೊಂಬತ್ತು ತೆಗೆದು ಸಿಕ್ಕಿಬೀಳುತ್ತಾನೆ. ಜಾಣ ನಿಧಾನವಾಗಿ ಹತ್ತುತ್ತಾನೆ, ನಡುವೆ ಬೇಕೆಂದೇ ಎರಡು ತಪ್ಪು ಮಾಡುತ್ತಾನೆ. ನಾನು ಹನ್ನೆರಡು ತೆಗೆದೆ, ಹತ್ತಕ್ಕೆ ಇಳಿದೆ, ಹದಿನಾಲ್ಕಕ್ಕೆ ಹೋದೆ. ಒಂದು ದಿನ ಸುಸ್ತು ಎಂದು ಒಂಬತ್ತು. ಹೆಂಡತಿ ಶಾಲೆಗೆ ಹೋದ ಮೇಲೆ, ಬಾಗಿಲಿಗೆ ಚಿಲಕ ಹಾಕಿಕೊಂಡು, ಅರವತ್ತಾರು ವರ್ಷದ ನಾನು ಎಡಗೈಯಲ್ಲಿ ಬಲೂನು ಒಡೆಯುತ್ತ ಕೂರುತ್ತಿದ್ದೆ. ನನ್ನ ಭಾಷಣದ ಚಾರಿತ್ರ್ಯದ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿರಲಿಲ್ಲ. ಹೇಳುವ ಹಾಗಿರಲಿಲ್ಲ, ಅಷ್ಟೆ.

ಬಲಗೈಯನ್ನು ಬಿಟ್ಟೇಬಿಟ್ಟೆ ಎಂದಲ್ಲ. ಗುಟ್ಟಾಗಿ ಅದನ್ನೂ ಆಡಿಸಬೇಕೆಂದಿದ್ದೆ. ಆದರೆ ಯಂತ್ರ ನನಗಿಂತ ಪ್ರಾಮಾಣಿಕ. ಅಂಕ ಇಪ್ಪತ್ತು ದಾಟಿದ ಕೂಡಲೇ, ಕೈ ಚುರುಕಾಗಿದೆ ಎಂದು ನಂಬಿ ಬಲೂನುಗಳನ್ನು ಸಣ್ಣದು ಮಾಡಿತು. ಮೂವತ್ತಕ್ಕೆ ಇನ್ನೂ ಸಣ್ಣದು. ಅವು ನಿಂಬೆಹಣ್ಣಿನ ಗಾತ್ರದಿಂದ ಕಡಲೆಕಾಳಿನ ಗಾತ್ರಕ್ಕಿಳಿದು, ಹಾರುವ ಇರುವೆಯ ಹಾಗೆ ಓಡತೊಡಗಿದವು. ಬಲಗೈಗೆ ಈಗ ನಾಲ್ಕೂ ಇಲ್ಲ, ಒಂದೂ ಇಲ್ಲ. ಹಿಂದಿನ ದೊಡ್ಡ, ಸೌಜನ್ಯದ ಬಲೂನುಗಳಿಗೆ ಮರಳುವ ದಾರಿ ಹುಡುಕಿದೆ. ಒಂದು ಗುಂಡಿ ಇತ್ತು. ಒತ್ತಿದರೆ ‘ನಿಮ್ಮ ಚಿಕಿತ್ಸಕರನ್ನು ಸಂಪರ್ಕಿಸಿ’ ಎಂದಿತು. ಅಂದರೆ ತೀರ್ಥಹಳ್ಳಿಗೆ ಫೋನ್ ಮಾಡಿ, ನಿಜ ಹೇಳಿ, ಕೆಳಗಿಳಿಸಿಕೊಳ್ಳಬೇಕು.

ಡಿಸೆಂಬರ್ ಪೂರ್ತಿ ನಾನು ಆ ಫೋನ್ ಮಾಡುವವನಿದ್ದೆ. ಸಂಖ್ಯೆ ಒತ್ತಿ, ಗಂಟೆ ಹೊಡೆಯುವ ಮೊದಲು ಕತ್ತರಿಸುತ್ತಿದ್ದೆ. ದಿನಗಳು ಬೆರಳಿನ ಸಂದಿಯಿಂದ ಹೋಗುವುದು ಕಾಣುತ್ತಿತ್ತು, ಅದೂ ಮುಚ್ಚಲು ಬಾರದ ಬೆರಳು. ಒಂದು ದಿನ ಹೇಳದಿದ್ದಕ್ಕೆ ಮರುದಿನ ಹೇಳುವುದು ಎರಡು ಪಟ್ಟು ಕಷ್ಟವಾಗುತ್ತಿತ್ತು. ಡಾಕ್ಟರಮ್ಮ ತಾನಾಗಿಯೇ ಎರಡು ಸಲ ವಿಡಿಯೊ ಕರೆ ಮಾಡಿದಳು. ನಮ್ಮ ಮನೆಯೊಳಗೆ ಸಿಗ್ನಲ್ ಕಿಟಕಿಯ ಸರಳಿನ ಹತ್ತಿರ ಮಾತ್ರ, ಅದೂ ಮನಸ್ಸು ಬಂದಾಗ. ಪರದೆಯಲ್ಲಿ ನನ್ನ ಕೈ ಅರ್ಧ ಎದ್ದು ಚಿತ್ರವಾಗಿ ನಿಂತುಬಿಟ್ಟಿತು.

“ಕಟ್ ಆಗ್ತಾ ಇದೆ ಸರ್, ಇರ್ಲಿ ಬಿಡಿ. ಸ್ಕೋರ್ ಕಾಣ್ತಾ ಇದೆಯಲ್ಲ. ಅಷ್ಟು ದೂರ ಬಸ್ಸಲ್ಲಿ ಬಂದು ಸುಸ್ತಾಗೋದು ಬ್ಯಾಡ. ಸೂಪರ್ ಮಾಡ್ತಿದೀರಿ!”

ಸಿಗ್ನಲ್ ಬಗ್ಗೆ ನಾನು ಪತ್ರಿಕೆಗೆ ಎರಡು ಸಲ ದೂರಿನ ಪತ್ರ ಬರೆದವನು. ಆ ದಿನ ಅದಕ್ಕೆ ಮನಸ್ಸಿನಲ್ಲಿಯೇ ಕೈಮುಗಿದೆ. ಒಂದೇ ಕೈ.

ಹೆಂಡತಿ ಮಾತ್ರ ಗೆಲುವಾಗಿದ್ದಳು. ಶಾಲೆಯಲ್ಲಿ ಹೇಳಿ ಬಂದಿದ್ದಳು. “ಹೆಡ್‌ಮಾಸ್ತರು ಫ್ಲೆಕ್ಸಿಗೆ ಹೇಳ್ತೀನಿ ಅಂದ್ರು. ನಾ ಅಂದೆ, ಎಂತಕ್ಕೆ, ನಮ್ಮನೆಯವ್ರೇ ಬರೀತಾರೆ, ಮೂವತ್ತೊಂಬತ್ತು ಬಂದಿದೆ ಅವರಿಗೆ ಅಂತ.”

“ಬರೆಯೋದಕ್ಕೂ ಬಲೂನಿಗೂ ಸಂಬಂಧ ಇಲ್ಲ” ಎಂದೆ.

“ಇದೆ ಅಂತ ಡಾಕ್ಟರಮ್ಮನೇ ಹೇಳಿದಾಳಲ್ಲ. ಸುಮ್ನೆ ಹೆದರ್ತೀರಿ ನೀವು.”

ಪೆನ್ನು ಕೊಟ್ಟು ನೋಡೋಣವಾ ಎಂದು ಒಮ್ಮೆ ಕೇಳಿದಳು. ಈಗಲೇ ಬೇಡ, ಒಮ್ಮೆಗೇ ಬರೆದು ತೋರಿಸ್ತೀನಿ ಅಂದೆ. ಅವಳು ನಂಬಿದಳು. ನನ್ನ ಬಲಗೈಯನ್ನು ಅವಳ ಎದುರಿಗೆ ಆದಷ್ಟೂ ಶಾಲಿನೊಳಗೆ ಇಟ್ಟುಕೊಳ್ಳುತ್ತಿದ್ದೆ. ಚಳಿಗಾಲವಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ತೀರ್ಥಹಳ್ಳಿಯಿಂದ ಮೆಸೇಜು ಬಂತು. ನಲವತ್ತೇಳು ಬಂದಿದೆ, ಅಭಿನಂದನೆ, ಇನ್ನು ಗೇಮ್ ಸಾಕು, ಟ್ಯಾಬಿಗೆ ಇನ್ನೊಬ್ಬರು ಕಾಯುತ್ತಿದ್ದಾರೆ, ಶನಿವಾರ ತಂದುಕೊಡಿ, ಕೈಯನ್ನೂ ನೋಡಿದ ಹಾಗಾಗುತ್ತದೆ. ಹೆಂಡತಿ ಶನಿವಾರದ ಬೆಳಗಿನ ಶಾಲೆ ಮುಗಿಸಿ, ಹೊಸ ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಸ್ಸು ಕೆಟ್ಟು ನಿಲ್ಲಲಿ ಎಂದು ಅಷ್ಟು ಶ್ರದ್ಧೆಯಿಂದ ನಾನು ಹಿಂದೆಂದೂ ಬೇಡಿರಲಿಲ್ಲ. ಅದು ಹತ್ತು ನಿಮಿಷ ಮೊದಲೇ ತಲುಪಿತು.

ಟ್ಯಾಬಿಗೆ ಕಾಯುತ್ತಿದ್ದವನು ಅಲ್ಲಿಯೇ ಇದ್ದ. ಮೇಳಿಗೆ ಎಂಬ ಊರಿನ ಕಡೆಯವನು, ನಲವತ್ತರ ಆಸುಪಾಸು, ಅಡಿಕೆ ಗೊನೆ ತೆಗೆಯುವಾಗ ಮರದಿಂದ ಬಿದ್ದು ಕೈಯ ನರಕ್ಕೆ ಪೆಟ್ಟಾಗಿತ್ತು. ಡಾಕ್ಟರಮ್ಮ ಅವನನ್ನು ಹತ್ತಿರ ಕರೆದಳು.

“ನೋಡಿ, ಈ ಸರ್ ಸೊನ್ನೆಯಿಂದ ಶುರು ಮಾಡಿದ್ದು. ಈಗ ಐವತ್ತಕ್ಕೆ ನಲವತ್ತೇಳು. ನಿಮಗೂ ಆಗ್ತದೆ.”

ಅವನು ನನ್ನನ್ನು ನೋಡಿದ ರೀತಿಯಲ್ಲಿ ಯಾವ ಉಪನ್ಯಾಸದಲ್ಲಿಯೂ ನನ್ನನ್ನು ಯಾರೂ ನೋಡಿಲ್ಲ. “ಹೌದಾ ಸಾರ್? ಮುಂದಿನ ಕೊಯ್ಲಿಗೆ ಮರ ಹತ್ತಬಹುದಾ ಹಂಗಾರೆ?”

“ಆಗ್ತದೆ” ಎಂದೆ. ಬಿನ್ನವತ್ತಳೆಗಳಲ್ಲಿ ಬರೆದ ಸುಳ್ಳುಗಳನ್ನೆಲ್ಲ ಕೂಡಿಸಿ ಇಟ್ಟರೂ ಆ ಒಂದು ಮಾತಿನ ತೂಕಕ್ಕೆ ಬಾರವು.

“ಟ್ಯಾಬ್ ವಾಪಸ್ ಕೊಟ್ಟಿದ್ದಕ್ಕೆ ಇಲ್ಲೊಂದು ಸಹಿ ಸರ್” ಎಂದು ಡಾಕ್ಟರಮ್ಮ ಪುಸ್ತಕ ತಿರುಗಿಸಿ, ಪೆನ್ನು ಕೊಟ್ಟಳು. ಬಲಗಡೆಗೆ ಕೊಟ್ಟಳು. ಬೆರಳುಗಳ ನಡುವೆ ಅದನ್ನು ಸಿಕ್ಕಿಸಿಕೊಳ್ಳಲು ನೋಡಿದೆ. ಪೆನ್ನು ಜಾರಿ ಮೇಜಿನ ಮೇಲೆ ಬಿತ್ತು, ಉರುಳಿತು, ನೆಲಕ್ಕೆ ಬಿತ್ತು. ಮರದಿಂದ ಬಿದ್ದವನು ಬಗ್ಗಿ, ತನ್ನ ಒಳ್ಳೆಯ ಕೈಯಿಂದ ಎತ್ತಿಕೊಟ್ಟ. ಮತ್ತೆ ಬಿತ್ತು.

ಡಾಕ್ಟರಮ್ಮ ನನ್ನ ಕೈ ಹಿಡಿದು ಬೆರಳು ಬಿಡಿಸಿದಳು, ಮಡಚಿದಳು. ಮುಖದ ನಗು ಮೆಲ್ಲಗೆ ಹೋಯಿತು.

“ಸರ್, ಈ ಕೈಯಲ್ಲಿ ತಾನೇ ಆಡಿದ್ದು?”

ಎಡಗೈ ಎತ್ತಿದೆ. ತರಗತಿಯಲ್ಲಿ ಹೊರಗೆ ಹೋಗಲು ಅನುಮತಿ ಕೇಳುವ ಮಕ್ಕಳು ಎತ್ತುವ ಹಾಗೆ.

ಗೋಡೆಯ ಮೇಲೆ ಮನುಷ್ಯನ ನರಗಳ ದೊಡ್ಡ ಚಿತ್ರವಿತ್ತು, ಹೆಂಡತಿ ಅದನ್ನೇ ನೋಡುತ್ತಿದ್ದಳು. ಕೊನೆಗೆ ಮೇಳಿಗೆಯವನು, ಯಾರಿಗೆ ಎಂದಿಲ್ಲದೆ, ಸಣ್ಣ ಧ್ವನಿಯಲ್ಲಿ ಕೇಳಿದ: “ಹಂಗಾರೆ ನಲವತ್ತೇಳು ಸುಳ್ಳಾ?”

ಬೈಯಬೇಕಾಗಿತ್ತು ಡಾಕ್ಟರಮ್ಮ. ಬೈಯಲಿಲ್ಲ. “ನಾಲ್ಕು ಬಂದ್ರೂ ನಾಲ್ಕೇ ಹೇಳ್ಬೇಕಿತ್ತು ಸರ್. ನಾಲ್ಕು ಅಂದ್ರೆ ಬೆರಳು ಎಚ್ಚರ ಇದೆ ಅಂತ” ಎಂದಳು. ಟ್ಯಾಬು ಅವನಿಗೆ ಹೋಯಿತು. ಅದೇ ಆಟವನ್ನು ಹೆಂಡತಿಯ ಮೊಬೈಲಿಗೆ ಹಾಕಿ, ಮೊದಲ ಮೆಟ್ಟಿಲಿಗೆ ಇಳಿಸಿಕೊಟ್ಟಳು. ಆಡುವಾಗ ಎಡಗೈಯನ್ನು ಕಟ್ಟಿ ಹಾಕಬೇಕು ಎಂದು ಹೆಂಡತಿಗೆ ಹೇಳಿದಳು. ಚಿಕಿತ್ಸೆಯಲ್ಲಿ ಹಾಗೊಂದು ಪದ್ಧತಿಯೇ ಇದೆಯಂತೆ, ನಕಲಿಗೂ ಅದಕ್ಕೂ ಸಂಬಂಧವಿಲ್ಲವಂತೆ. ಆ ಮಾತನ್ನು ಸೇರಿಸಿದ್ದು ಅವಳ ಸೌಜನ್ಯ.

ವಾಪಸ್ ಬರುವ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಕಡೆ ಕೂತಿದ್ದಳು. ಅರ್ಧ ದಾರಿ ಬಂದ ಮೇಲೆ ಕೇಳಿದಳು:

“ಯಾವತ್ತಿಂದ?”

“ಪಾಯಸದ ದಿನದಿಂದ.”

ಮತ್ತಷ್ಟು ದೂರ ಬಂದೆವು.

“ಸ್ಟಾರ್ ಹಾಕ್ತಾ ಇದ್ನಲ್ಲ ನಾನು, ಪೆದ್ದಿ ಹಂಗೆ.”

“ನಿಂಗೆ ಬೇಜಾರಾಗ್ಬಾರ್ದು ಅಂತ...”

“ನಂಗೆಂತ ಸ್ಟಾರ್ ಬೇಕಿತ್ತಾ? ಕೈ ಬೇಕಿತ್ತು.” ಆಮೇಲೆ ನನ್ನ ಕಡೆ ತಿರುಗಿ, “ಮಾರ್ಕ್ಸ್ ಕಮ್ಮಿ ಬಂತು ಅಂತ ನಾನು ಯಾವ ಮಗುಗಾದ್ರೂ ಹೊಡ್ದಿದ್ದು ಕೇಳಿದೀರಾ? ಹೊಡೀತಿದ್ದೋರು ನೀವು.”

ಅದು ನಿಜ. ಹೊಡೆಯುತ್ತಿದ್ದವನು ನಾನೇ.

ಮನೆಗೆ ಬಂದು ಅವಳು ಕ್ಯಾಲೆಂಡರಿನ ಹಾಳೆ ಕಿತ್ತಳು. ಹರಿಯಲಿಲ್ಲ, ಮಡಚಿ ಎಲ್ಲೋ ಇಟ್ಟಳು. ಹೊಸ ಹಾಳೆ ಅಂಟಿಸಿದಳು. ನಿವೃತ್ತಿಗೆ ಇನ್ನು ಐದು ವಾರವಿತ್ತು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಒಂದು ಗಂಟೆ, ಬಂದ ಮೇಲೆ ಎರಡು ಗಂಟೆ, ನನ್ನ ಎಡಗೈಯನ್ನು ಟವೆಲ್ಲಿನಿಂದ ಕುರ್ಚಿಯ ಕೈಗೆ ಕಟ್ಟಿ, ಎದುರಿಗೆ ಕೂರುತ್ತಿದ್ದಳು. ಪಕ್ಕದ ಮನೆಯ ಕಂಡಕ್ಟರರು ಒಮ್ಮೆ ಬಂದವರು ನೋಡಿ ಏನೂ ತಮಾಷೆ ಮಾಡದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಅದು ನನ್ನನ್ನು ಹೆಚ್ಚು ಹೆದರಿಸಿತು.

ಈ ಮೊದಲು ನಾನು ಯಾವುದನ್ನೂ ಇಷ್ಟು ಬೇಡಿಕೊಂಡಿರಲಿಲ್ಲ. ಒಂದು ಪರದೆಯನ್ನು, ಅದರೊಳಗಿನ ಕೆಂಪು, ಹಸಿರು ಬಲೂನುಗಳನ್ನು, ಆ ಕರಡಿಯನ್ನು. ಹಲ್ಲು ಕಚ್ಚಿ, ಬೆವರಿ, ಬೆರಳಿಗೆ ಬಾಯಿಬಿಟ್ಟು ಬೈದು, ಕೊನೆಗೆ ಬೆರಳಿಗೇ ದಮ್ಮಯ್ಯ ಎಂದು. ಅಂಕ ಎರಡು. ಎರಡು. ಮೂರು. ನವೆಂಬರಿನಲ್ಲಿ ನಾಲ್ಕು ತೆಗೆದ ಕೈ ಅದೇ. ನಡುವೆ ಕಳೆದ ತಿಂಗಳುಗಳಲ್ಲಿ ಅದಕ್ಕೆ ಯಾರೂ ಕೆಲಸ ಹೇಳಿರಲಿಲ್ಲ, ಅದು ಮರೆತಿತ್ತು. ಹೆಂಡತಿ ಅಂಕ ಬರೆಯುತ್ತಿದ್ದಳು, ಸ್ಟಾರ್ ಹಾಕುತ್ತಿರಲಿಲ್ಲ. ಐದು ಬಂದ ದಿನ ಕೆಂಪು ಪೆನ್ನನ್ನು ತೆಗೆದಳು, ಮುಚ್ಚಳ ಬಿಚ್ಚಿದಳು, ಮತ್ತೆ ಹಾಕಿದಳು.

ಮಾರ್ಚ್ ಮೂರನೇ ವಾರ ಡ್ರಾಯಿಂಗ್ ಶೀಟು ಕೆಳಗಿಳಿಯಿತು. ಅವಳು ಸ್ಕೇಲು ಹಿಡಿದು ಪೆನ್ಸಿಲಿನಲ್ಲಿ ತೆಳ್ಳಗೆ ಸಾಲು ಎಳೆದಳು. ಪೆನ್ನಿಗೆ ಹಳೆಯ ಬಟ್ಟೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಮೂಸಂಬಿಯಷ್ಟು ದಪ್ಪ ಮಾಡಿದಳು. ಮೊದಲು ಪೇಪರಿನ ಮೇಲೆ ನೋಡೋಣ ಎಂದಳು. ‘ಶ್ರೀ’ ಎಂದು ಬರೆಯಲು ಹೊರಟೆ. ಸಾವಿರಾರು ಸಲ ಬರೆದ ಅಕ್ಷರ, ಕಣ್ಣು ಮುಚ್ಚಿದರೂ ಬರುತ್ತಿದ್ದುದು. ಕಾಗದದ ಮೇಲೆ ಬಿದ್ದದ್ದು ಬಸವನಹುಳು ಹರಿದ ಗುರುತು. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಹತ್ತು ಪೇಪರು ಆದವು.

ಆಗ ಅವಳು ನನ್ನ ಹಿಂದೆ ಬಂದು ನಿಂತು, ಒಂದನೇ ತರಗತಿಯವರಿಗೆ ಮಾಡುವ ಹಾಗೆ ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ತಿದ್ದಿಸಿದಳು. ‘ಶ್ರೀ’ ಬಂತು. ದುಂಡಗೆ, ಸ್ಪಷ್ಟವಾಗಿ, ಪಕ್ಕಕ್ಕೆ ಸ್ವಲ್ಪ ವಾಲಿಕೊಂಡು. ಇಬ್ಬರೂ ಅದನ್ನು ನೋಡಿದೆವು. ಅದು ಅವಳ ಅಕ್ಷರ.

“ಎಂತ, ನಂಗೆ ನಾನೇ ಬಿನ್ನವತ್ತಳೆ ಬರ್ಕಳ್ಳದಾ?” ಎಂದಳು. ನಗಲು ನೋಡಿದಳು. ಪೆನ್ನಿನ ಬಟ್ಟೆ ಬಿಚ್ಚಿ ಮಡಚಿದಳು. ಶೀಟನ್ನು ಸುತ್ತಿ ಬೀರುವಿನ ಮೇಲೆ ಇಟ್ಟಳು. ಪೆನ್ಸಿಲಿನ ಸಾಲುಗಳನ್ನು ಅಳಿಸಲಿಲ್ಲ.

ಮರುದಿನ ನಾನೊಬ್ಬನೇ ಕಾಲೆಳೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಹೋದೆ. ಬೀರುವಿನಲ್ಲಿದ್ದ ಆಟದ ಯಂತ್ರವನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿದ್ದೆ, ಅವನಿಗೆ ಕೊಟ್ಟೆ. ಬ್ಯಾಟರಿ ಸೋರಿ ಒಳಗೆಲ್ಲ ಹಸಿರಾಗಿತ್ತು. “ಅಯ್ಯೋ ಸಾರ್, ಇದೆಲ್ಲ ಎಂತಕ್ಕೆ ಈಗ” ಎಂದು ಮೇಜಿನ ಮೇಲೆ ಇಟ್ಟ. ವಿಷಯ ಹೇಳಿದೆ.

“ಮ್ಯಾಟರ್ ಎಂತ ಹಾಕದು ಸಾರ್? ಮಾಮೂಲಿದು ಇದೆ, ನಿವೃತ್ತಿಗೆಲ್ಲ ಅದೇ ಹಾಕೋದು” ಎಂದು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕರ್ತವ್ಯನಿಷ್ಠೆಯ ಕಣ್ಮಣಿ. ನಾನು ಎಂದೋ ಯಾರಿಗೋ ಬರೆದದ್ದು, ಒಂದಕ್ಷರ ಬದಲಾಗದೆ, ಅಚ್ಚಿನಲ್ಲಿ. ಅದನ್ನು ಅಳಿಸು ಎಂದೆ. ಬೇರೆ ಹೇಳುತ್ತೇನೆ, ಹೊಡೆದುಕೋ ಎಂದೆ. ಇವರು ಇಷ್ಟು ವರ್ಷ ಈ ಶಾಲೆಯಲ್ಲಿ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದರು, ಯಾರಿಗೂ ಹೊಡೆಯಲಿಲ್ಲ ಎಂದು ಎರಡು ಸಾಲು ಹೇಳಿದೆ. ಇಷ್ಟೇನಾ ಸಾರ್, ಜಾಗ ತುಂಬಾ ಉಳೀತದೆ ಅಂದ. ಉಳಿಯಲಿ ಅಂದೆ. ಅವನು ಮೂಲೆಗೆ ಎರಡು ಗುಲಾಬಿ ಹಾಕಿದ.

ಇದನ್ನೆಲ್ಲ ಈಗ ಎಡಗೈಯ ಒಂದು ಬೆರಳಿನಿಂದ ಮೊಬೈಲಿನಲ್ಲಿ ಕುಟ್ಟುತ್ತಿದ್ದೇನೆ. ಎಡಗೈ ಚುರುಕಾಗಿದೆ, ಅದಕ್ಕೆ ಅಭ್ಯಾಸ ಚೆನ್ನಾಗಿ ಆಗಿದೆ. ಮೇಳಿಗೆಯವನ ಅಂಕ ಎಷ್ಟಾಯಿತೆಂದು ಡಾಕ್ಟರಮ್ಮನನ್ನು ಕೇಳಬೇಕೆನಿಸುತ್ತದೆ. ಕೇಳಿಲ್ಲ.

ಮಾರ್ಚ್ ಕೊನೆಯ ದಿನ ನನ್ನ ಬಲಗೈಯ ಅಂಕ ಆರು. ಬಿನ್ನವತ್ತಳೆಯನ್ನು ಫ್ಲೆಕ್ಸಿನಲ್ಲಿ ಮಾಡಿಸಿದೆವು, ಆರಡಿ ಉದ್ದ, ನಾಲ್ಕಡಿ ಅಗಲ.